ಗುರುತಿಸಿದವರು

ಬಳೆಗಳು ಹಸಿರಿದ್ದವು, ಅಷ್ಟು ಖಂಡಿತ. ಆದರೆ ಬಳೆಗಳಿದ್ದ ಮೇಲೆ ಒಂದು ಮುಖವೂ ಇದ್ದಿರಲೇಬೇಕಲ್ಲ, ಅದನ್ನು ತಾನು ನೋಡಿದ್ದೆನೇ, ನೋಡಿ ಮರೆತೆನೇ, ಅಥವಾ ನೋಡಲೇ ಇಲ್ಲವೇ ಎಂದು ಸಂಗಮೇಶ ಸೊರಬದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತು ಮತ್ತೆ ಮೊದಲಿನಿಂದ ಶುರುಮಾಡಿದ. ಮೂರು ವರ್ಷದ ಹಿಂದಿನ ಶನಿವಾರ. ಶಿಕಾರಿಪುರದ ಕೋರ್ಟಿನಲ್ಲಿ ಲೋಕ ಅದಾಲತ್ತು. ವರಾಂಡದ ತುಂಬ ರಾಜಿಗೆ ಬಂದ ಜನ, ಅವರ ಬೆವರು, ಅವರ ಎಲೆಯಡಿಕೆಯ ವಾಸನೆ. ಹಿರಿಯ ವಕೀಲ ಗಣಪಯ್ಯನವರ ಗುಮಾಸ್ತ ರಾಜಕುಮಾರ್ ಅರ್ಜಿಗಳ ಕಟ್ಟನ್ನು ಅವನ ಮುಂದಿಟ್ಟು, ಇಲ್ಲೊಂದು, ಇಲ್ಲೊಂದು ಎಂದು ಬೆರಳಿಟ್ಟು ತೋರಿಸುತ್ತಿದ್ದ. ಅವನು ಸಹಿ ಹಾಕುತ್ತ ಹೋಗುತ್ತಿದ್ದ. ಹೆಬ್ಬೆಟ್ಟು ಒತ್ತುವ ಜಾಗದ ಪಕ್ಕದಲ್ಲಿ 'ಗುರುತಿಸಿದವರು' ಎಂದು ಅಚ್ಚಾಗಿತ್ತು, ಅದರ ಮುಂದೆ ಚುಕ್ಕಿಗಳ ಗೆರೆ. ಒತ್ತಿದವರು ಇಂಥವರೇ, ನಾನು ಬಲ್ಲೆ ಎಂದು ವಕೀಲ ಕೋರ್ಟಿಗೆ ಕೊಡುವ ಮಾತು ಅದು. ಆ ಗೆರೆಯ ಮೇಲೆ ಅವನ ಸಹಿ ಒಣಗುವ ಮೊದಲೋ ಒಣಗಿದ ಮೇಲೋ ಒಂದು ಕೈ ಬಂದು ಮಸಿಯ ಹೆಬ್ಬೆಟ್ಟನ್ನು ಒತ್ತಿ ಹೋಗಿತ್ತು. ಮಸಿ ಹರಡಿತು ಎಂದು ರಾಜಕುಮಾರ್ ಗೊಣಗಿದ್ದು ನೆನಪಿದೆ. ಆ ಕೈಯಲ್ಲಿ ಹಸಿರು ಬಳೆಗಳಿದ್ದದ್ದು ನೆನಪಿದೆ. ಮೇಲೆ ನೋಡಿದ್ದು ನೆನಪಿಲ್ಲ.

ನೋಡಿದ್ದರೆ ಪರಮಶಿವಪ್ಪನ ಹೆಂಡತಿಯನ್ನು ನೋಡುತ್ತಿದ್ದೆನೇನೋ ಎಂಬ ಅನುಮಾನ ಅವನಿಗೆ ಆಗ ಇರಲಿಲ್ಲ, ಈಗ ಇತ್ತು. ಪರಮಶಿವಪ್ಪ ಗಣಪಯ್ಯನವರ ಹಳೆಯ ಪಕ್ಷಗಾರ. ಅಂಬ್ಲಿಗೊಳದ ಕಾಲುವೆ ನೀರು ಕುಡಿಯುವ ಗದ್ದೆಯಲ್ಲಿ ತಂಗಿ ದ್ಯಾಮಮ್ಮನಿಗೂ ಪಾಲು ಬರಬೇಕಿತ್ತು, ಅದನ್ನು ತಪ್ಪಿಸಲು ಅವನೇ ಹಾಕಿದ ದಾವೆ. ಅರಿಶಿನ ಕುಂಕುಮದ ಬಾಬ್ತು ಪಡೆದು ಪಾಲಿನ ಹಕ್ಕು ಬಿಟ್ಟಿದ್ದೇನೆ ಎಂದು ತಂಗಿ ರಾಜಿಯಲ್ಲಿ ಒಪ್ಪಿದ್ದಳು. ರಾಜಿಗೆ ಎದುರು ಪಕ್ಷಕ್ಕೂ ಒಬ್ಬ ವಕೀಲ ಬೇಕು. ಅಂಥ ಹೊತ್ತಿಗೆ ಗಣಪಯ್ಯನವರು ತಮ್ಮ ಆಫೀಸಿನಲ್ಲಿ ಕೂರುವ ಹುಡುಗರಲ್ಲಿ ಯಾರನ್ನಾದರೂ ಕರೆದು, "ಇದಕ್ಕೊಂದು ನಿನ್ನ ವಕಾಲತ್ತು ಹಾಕಯ್ಯಾ" ಎನ್ನುತ್ತಿದ್ದರು. ಕಾಗದದ ಪ್ರಕಾರ ಸಂಗಮೇಶ ದ್ಯಾಮಮ್ಮನ ವಕೀಲ. ಎರಡು ವರ್ಷದ ಮೇಲೆ ಯಾವುದೋ ಸಾಲಕ್ಕೆಂದು ಪಹಣಿ ತೆಗೆಸಿದ ದ್ಯಾಮಮ್ಮ ಅದರಲ್ಲಿ ತನ್ನ ಹೆಸರಿಲ್ಲದ್ದು ಕೇಳಿ ತಿಳಿದು, ನಾನು ಆ ದಿನ ಕೋರ್ಟಿಗೇ ಬಂದಿಲ್ಲ, ಆ ಹೆಬ್ಬೆಟ್ಟು ನನ್ನದಲ್ಲ ಎಂದು ಅರ್ಜಿ ಹಾಕಿದ್ದಳು. ಹೆಬ್ಬೆಟ್ಟನ್ನು ತಜ್ಞರಿಗೆ ಕಳಿಸಿದರು. ಮಸಿ ಉಂಡೆಗಟ್ಟಿದೆ, ಗೆರೆಗಳೇ ಇಲ್ಲ, ಹೋಲಿಸಲು ಬರುವುದಿಲ್ಲ ಎಂದು ಅವರು ಕಾಗದ ವಾಪಸು ಮಾಡಿದರು. ಉಳಿದದ್ದು ಗುರುತಿಸಿದವನ ಮಾತು. ಇವತ್ತು ಅವನ ಸಾಕ್ಷಿ.

ಸೊರಬದಲ್ಲಿ ಕೇಸಿದೆ ಎಂದು ಸುಳ್ಳು ಹೇಳಿ ಅವನು ನಿನ್ನೆ ಅಕ್ಕ ವಾಣಿಶ್ರೀಯ ಮನೆಗೆ ಬಂದಿದ್ದ. ಅಕ್ಕನಿಗೆ ಎಲ್ಲ ಹೇಳಬೇಕೆಂದು ಬಂದವನು ಊಟ ಮಾಡಿ, ಭಾವನೊಡನೆ ಟೀವಿ ನೋಡಿ ಮಲಗಿದ. ಹೋದ ವರ್ಷ ಅಪ್ಪ ತೀರಿದ ಮೇಲೆ ಅಕ್ಕನ ಕೈಯಲ್ಲಿ ಆಸ್ತಿಯ ಪಾಲು ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿಸಿಕೊಂಡವನು ಅವನೇ. ಓದು ಅಕ್ಕಾ ಎಂದರೆ, ನೀನೇ ಬರೆದದ್ದಲ್ಲನ, ನಾನೆಂತ ಓದೋದು ಎಂದು ನಕ್ಕು ಸಹಿ ಹಾಕಿದ್ದಳು. ಬೆಳಿಗ್ಗೆ ಅವನು ಚೀಲ ತುಂಬುವಾಗ, ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡಿನ ದಾರ ಕಿತ್ತುಹೋದದ್ದನ್ನು ಕಂಡು ಅವಳೇ ಇಸಿದುಕೊಂಡು ಹೊಲಿದುಕೊಟ್ಟಳು. ಬಿಳಿ ದಾರ ಸಿಕ್ಕಲಿಲ್ಲ, ಕೆಂಪಿನಲ್ಲಿ ಹಾಕಿದೀನಿ, ಕಾಲರಿನ ಒಳಗೆ ಹೋಗ್ತದೆ ಬಿಡು ಎಂದಳು. ಅವನು ಹೂಂ ಎಂದ. ಹೇಳಬೇಕಾದ್ದನ್ನು ಹೇಳದೆ ಚೀಲ ಹೆಗಲಿಗೆ ಹಾಕಿಕೊಂಡ.

ಶಿಕಾರಿಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಕರೀ ಕೋಟು ಮಡಿಸಿ ಚೀಲದಲ್ಲಿತ್ತು, ಅದಿಲ್ಲದಿದ್ದರೆ ಅವನು ಯಾರೋ ಬ್ಯಾಂಕಿನ ಗುಮಾಸ್ತನಂತೆ, ಮೇಷ್ಟರಂತೆ, ಯಾರಂತೆಯೂ ಅಲ್ಲದವನಂತೆ ಕಾಣುತ್ತಿದ್ದ. ಅದು ಅವನಿಗೆ ಹಿತವಾಗಿತ್ತು. ಆನವಟ್ಟಿ ಕಡೆಯಿಂದ ಬಂದ ಬಸ್ಸಿನಿಂದ ಇಳಿದು ಓಡೋಡಿ ಬಂದ ಮುದುಕಿಯೊಬ್ಬಳು ಅವನ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ತಮ್ಮಾ, ಇದು ಕೋರ್ಟಿನ ಮುಂದೆ ನಿಲ್ಲಿಸ್ತಾರಾ?" ಎಂದಳು. ನಿಲ್ಲಿಸುತ್ತಾರೆ ಎಂದ. "ಕೇಳಿದ್ರೆ ನಿಲ್ಲಿಸ್ತಾರೆ, ಫ್ರೀ ಟಿಕೀಟಿನವರು ಅಂದ್ರೆ ಮುಂದೆ ಹೋಗಿ ಇಳಿಸ್ತಾರೆ," ಎಂದು ತಾನೇ ನಕ್ಕಳು. ಬಸ್ಸು ಊರು ದಾಟುವ ಹೊತ್ತಿಗೆ ಅವಳ ಯಜಮಾನರು ಹೋಗಿ ಹದಿನಾಲ್ಕು ವರ್ಷವಾದದ್ದು, ಮಗಳಿಗೆ ಸಕ್ಕರೆ ಕಾಯಿಲೆ ಇರುವುದು, ಆ ಗದ್ದೆ ಬಂದರೆ ಅದು ಮಗಳಿಗೇ ಎಂದು ಬರೆಸಿಡುವ ಯೋಚನೆ ಇರುವುದು ಅವನಿಗೆ ಗೊತ್ತಾಗಿತ್ತು. ಯಾವ ಗದ್ದೆ ಎಂದು ಅವನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

"ನಮ್ಮ ಅಣ್ಣಯ್ಯನೇ ಹಾಕಿರೋ ಕೇಸು. ನಾನು ಬಂದು ಹೆಬ್ಬೆಟ್ಟು ಒತ್ತೀನಂತೆ. ನೋಡು ತಮ್ಮ, ಕುಂಕುಮ ಇಲ್ದೋಳಿಗೆ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಾರಂತೆ," ಎಂದಳು. ಅವನ ಕಣ್ಣು ತಾನಾಗಿ ಅವಳ ಮುಂಗೈಗೆ ಹೋಯಿತು. ಬಳೆಗಳಿರಲಿಲ್ಲ. ಒಂದು ತಾಮ್ರದ ಕಡಗ, ಅದರ ಕೆಳಗೆ ಹಸುರುಗಟ್ಟಿದ ಚರ್ಮ. ಹದಿನಾಲ್ಕು ವರ್ಷದ ವಿಧವೆ ಮೂರು ವರ್ಷದ ಹಿಂದೆ ಹಸಿರು ಬಳೆ ತೊಟ್ಟಿರಲಾರಳು. ನೋಡಿದ್ದೆನೇ ನೋಡಲಿಲ್ಲವೇ ಎಂದು ಒಂದು ವರ್ಷದಿಂದ ತಿರುವಿ ಹಾಕುತ್ತಿದ್ದ ಅನುಮಾನ ಮುಗಿಯಿತು, ಮತ್ತು ಮುಗಿದ ಕೂಡಲೇ ಅದೆಷ್ಟು ಬೆಚ್ಚಗಿತ್ತು ಎಂದು ತಿಳಿಯಿತು. "ನನ್ನ ಪರ ಯಾರೋ ವಕೀಲನೂ ನಿಂತಿದ್ನಂತೆ," ಅವಳು ಹೇಳುತ್ತಿದ್ದಳು. "ನಾನು ಅವನ ಮುಖ ಕಂಡಿಲ್ಲ, ಅವನು ನನ್ನ ಮುಖ ಕಂಡಿಲ್ಲ. ಇವತ್ತು ಬರ್ತಾನಂತೆ ಮಾರಾಯ. ನೋಡ್ಬೇಕು ಹೆಂಗಿದಾನೆ ಅಂತ." ಅವನು ಕಿಟಕಿಯ ಕಡೆ ತಿರುಗಿದ. ಮೆಕ್ಕೆಜೋಳದ ಹೊಲಗಳು ಹೋಗುತ್ತಿದ್ದವು. ಏನಾದರೂ ಹೇಳದಿದ್ದರೆ ತಪ್ಪಾಗುತ್ತದೆ ಎನ್ನಿಸಿ, "ಪುರಾವೆ ಏನಾದ್ರೂ ಇದೆಯಾ ಅಮ್ಮ?" ಎಂದ. ಯಾಕೆ ಕೇಳಿದೆ ಎಂದು ಆಮೇಲೆ ಎಷ್ಟೋ ದಿನ ಯೋಚಿಸಿದ. ಕನಿಕರದಿಂದ ಕೇಳಿದೆ ಎಂದು ಒಂದೊಂದು ಸಲ ಅನ್ನಿಸುತ್ತಿತ್ತು.

ಅವಳು ಹಿಂದೆ ಮುಂದೆ ನೋಡಿ, ಸೆರಗಿನೊಳಗಿಂದ ಎಡಗೈ ತೆಗೆದು ಅವನ ತೊಡೆಯ ಹತ್ತಿರ ಹಿಡಿದಳು. ಹೆಬ್ಬೆರಳು ಅರ್ಧಕ್ಕೇ ಮುಗಿದಿತ್ತು. ತುದಿಯಲ್ಲಿ ಚರ್ಮ ಚೀಲದ ಬಾಯಿಯಂತೆ ಸುಕ್ಕುಗಟ್ಟಿ ಕೂಡಿಕೊಂಡಿತ್ತು. "ಜೋಳ ಒಕ್ಕೋ ಮಿಷನ್ನು. ರಾಜಿ ಆತಂತಲ್ಲ, ಅದಕ್ಕಿಂತ ಒಂದು ವರ್ಷ ಮೊದಲೇ ಹೋಗಿದ್ದು. ಆ ಕಾಗದದಾಗೆ ಎಡಗೈ ಹೆಬ್ಬೆಟ್ಟು ಅಂತ ಬರೆದಾರೆ, ಪೂರ್ತಿ ಬೆಟ್ಟು ಬಿದ್ದೈತೆ. ಅಣ್ಣಯ್ಯಂಗೆ ಇದು ಗೊತ್ತೇ ಇಲ್ಲ, ಹೋಗದು ಬರದು ಬಿಟ್ಟು ಎಷ್ಟೋ ಕಾಲ ಆತು. ರೇಷನ್ ಅಂಗಡಿ ಮಿಷನ್ನಿಗೇ ಗೊತ್ತು ನಂಗೆ ಬೆಟ್ಟಿಲ್ಲ ಅಂತ, ಕೋರ್ಟಿಗೆ ಗೊತ್ತಾಗಲ್ಲನ?" ಮತ್ತೆ ನಕ್ಕು, ದನಿ ತಗ್ಗಿಸಿದಳು. "ನಮ್ಮ ಮಮತಾ ಲಾಯರಮ್ಮ ಹೇಳ್ಯಾರೆ, ಯಾರ ಹತ್ರನೂ ಬಾಯಿ ಬಿಡಬೇಡ, ಎಡಗೈದೇ ಒತ್ತಿದ್ದು ಅಂತ ಮೊದಲು ಆ ವಕೀಲನ ಬಾಯಲ್ಲೇ ಹೊರಡಸ್ತೀನಿ, ಆಮೇಲೆ ನೀನು ಕೈ ಎತ್ತು ಅಂತ. ಅಲ್ಲೀ ಮಟ ಸೆರಗೊಳಗೆ ಇಟ್ಕಂಡಿರು ಅಂದಾರೆ." ನಿನಗೆ ಹೇಳಿದರೆ ಏನಂತೆ, ನೀನು ಯಾರೋ ಏನೋ ಎಂಬಂತೆ ಅವನ ಮೊಣಕೈಯನ್ನು ತಟ್ಟಿದಳು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಅವಳು ಕಣ್ಣು ಮುಚ್ಚಿದ್ದಳು. ತಲೆ ಅವನ ಭುಜದ ಕಡೆ ವಾಲಿತ್ತು. ಅವನು ಚೀಲದಲ್ಲಿ ನೀರಿನ ಬಾಟಲಿಗೆ ಕೈಯಾಡಿಸಿ, ಕೋಟು ಹೊರಬಂದದ್ದನ್ನು ಕಂಡು ಗಾಬರಿಯಾಗಿ ಒಳಗೆ ತುರುಕಿದ. ಕೋರ್ಟಿಗಿಂತ ಒಂದು ನಿಲುಗಡೆ ಮೊದಲೇ, ಅವಳ ಮೊಣಕಾಲು ತಾಗದಂತೆ ದಾಟಿ ಇಳಿದ.

ನಡೆಯುತ್ತ ಅವನು ತೀರ್ಮಾನಕ್ಕೆ ಬಂದಿದ್ದ, ಅಥವಾ ಬಂದಿದ್ದೇನೆ ಎಂದುಕೊಂಡ. ನೆನಪಿಲ್ಲ ಎಂದರೆ ಸಾಕು. ನೆನಪಿಲ್ಲ ಎಂಬುದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ, ಅವನ ಅಳತೆಗೆ ಹೊಲಿಸಿದಂಥ ಮಾತು. ವಕೀಲರ ಸಂಘದ ಕೋಣೆಯಲ್ಲಿ ಚೀಲ ಬಿಚ್ಚಿದರೆ ಬ್ಯಾಂಡು ಇರಲಿಲ್ಲ. ಅಕ್ಕನ ಮನೆಯಲ್ಲೇ ಬಿಟ್ಟೆನೆಂದುಕೊಂಡ. "ಏನ್ ಸಾರ್, ಕೊರಳು ಖಾಲಿ? ಹೊಸ ಮದುವಣಗಿತ್ತಿ ತಾಳಿ ಕಳಕೊಂಡಂಗೆ ಹುಡುಕ್ತಿದೀರಿ," ಎಂದ ರಾಜಕುಮಾರ್. ಗಣಪಯ್ಯನವರು ಪತ್ರಿಕೆಯಿಂದ ತಲೆ ಎತ್ತದೆ, "ಕಟಕಟೆಗೆ ಹತ್ತೋನಿಗೆ ಬ್ಯಾಂಡೆಂತಕ್ಕೋ," ಎಂದರು. ಆಮೇಲೆ ತಲೆ ಎತ್ತಿದರು. "ಹೆದರಿಕೆ ಆಗ್ತದನಾ? ನೀನು ಹೇಳೋದು ಒಂದೇ ಮಾತು. ಇವಳೇ ಅಂತ. ಗುರುತಿಸ್ದೋನು ಗೊತ್ತಿಲ್ಲ ಅಂದ್ರೆ ನಿನ್ನ ವಕೀಲಿ ಸನ್ನದು ಹೋಗ್ತದೆ, ನನ್ನದಲ್ಲ. ಕಾಗದದಲ್ಲಿ ನನ್ನ ಹೆಸರು ಎಲ್ಲಿದೆ ನೋಡು." ಅವರು ಗದರಿಸಲಿಲ್ಲ. ಊಟಕ್ಕೆ ಏನಿದೆ ಎಂದು ಕೇಳುವಷ್ಟು ಮೆತ್ತಗೆ ಹೇಳಿದರು. ಅವನು ನೋಡಿದ್ದ. ಅವರ ಹೆಸರು ಎದುರು ಪುಟದಲ್ಲಿತ್ತು, ಪರಮಶಿವಪ್ಪನ ಪರವಾಗಿ, ಶುದ್ಧವಾಗಿ.

ನ್ಯಾಯಾಧೀಶರು ಅವನನ್ನು ಕಟಕಟೆಗೆ ಕರೆದಾಗ ಅವನು ಅಭ್ಯಾಸದಂತೆ ಗೌನು ಹಾಕಿಕೊಂಡೇ ಹತ್ತಿದ. "ನೀವು ಈಗ ಸಾಕ್ಷಿ, ವಕೀಲರಲ್ಲ. ಅದನ್ನ ತೆಗೆದು ಬನ್ನಿ," ಎಂದರು ಅವರು. ಎಲ್ಲರೂ ನೋಡುತ್ತಿರುವಾಗ ತೋಳು ಸಿಕ್ಕಿಕೊಂಡಿತು. ಗೌನು, ಆಮೇಲೆ ಕೋಟು. ಒಳಗಿನ ಅಂಗಿಯ ಕಂಕುಳಲ್ಲಿ ಬೆವರಿನ ವೃತ್ತಗಳಿದ್ದವು. ಪ್ರಮಾಣ ಮಾಡುತ್ತ ಕೋರ್ಟನ್ನು ನೋಡಿದ. ಪರಮಶಿವಪ್ಪ ಬಾಗಿಲ ಬಳಿ ನಿಂತಿದ್ದ, ಪಕ್ಕದಲ್ಲಿ ಅವನ ಹೆಂಡತಿ ರಾಜೇಶ್ವರಮ್ಮ. ಇವತ್ತೂ ಅವಳ ಕೈಯಲ್ಲಿ ಹಸಿರು ಬಳೆಗಳಿದ್ದವು, ಮೊಣಕೈವರೆಗೂ. ಹಿಂದಿನ ಬೆಂಚಿನ ತುದಿಯಲ್ಲಿ ದ್ಯಾಮಮ್ಮ, ಎಡಗೈ ಸೆರಗಿನೊಳಗೆ. ಅವನನ್ನು ಕಂಡ ಕೂಡಲೇ ಅವಳ ಮುಖ ಅರಳಿತು, ಪರವೂರಲ್ಲಿ ಗುರುತಿನವರು ಸಿಕ್ಕಿದಾಗ ಅರಳುವಂತೆ. ಬಲಗೈ ಎತ್ತಿ ಸನ್ನೆಯನ್ನೂ ಮಾಡಹೊರಟಳು. ಆಮೇಲೆ ಬೆಂಚ್ ಗುಮಾಸ್ತ ಅವನ ಹೆಸರು ಹೇಳಿದ. ಅರಳಿದ್ದು ಹಾಗೇ ಅರ್ಧಕ್ಕೆ ನಿಂತುಕೊಂಡಿತು, ಮುಚ್ಚಿಕೊಳ್ಳಲೂ ಇಲ್ಲ.

ಮಮತಾ ಸಣ್ಣ ವಯಸ್ಸಿನವಳು, ಸೊರಬದಿಂದ ಸ್ಕೂಟಿಯಲ್ಲಿ ಬಂದು ಕೇಸು ನಡೆಸುವವಳು. ಪಾಟೀಸವಾಲಿಗೆ ನಿಂತಾಗ ಅವಳ ಕೈಯಲ್ಲಿ ಒಂದೇ ಹಾಳೆ ಇತ್ತು. "ನೀವು ಒಂಬತ್ತು ವರ್ಷದಿಂದ ಪ್ರಾಕ್ಟೀಸು ಮಾಡ್ತಿದೀರಿ?" ಹೌದು. "ನಿಮ್ಮದೇ ಅಂತ ಎಷ್ಟು ಕೇಸು ಪೂರ್ತಿ ನಡೆಸಿದೀರಿ, ಸುಮಾರಾಗಿ?" ಗಣಪಯ್ಯನವರು ಅರ್ಧ ಎದ್ದು, ಇದು ಪ್ರಸ್ತುತವಲ್ಲ ಎಂದು ಕೂತರು. ಕೂರುವಾಗ ಅವರ ತುಟಿಯ ಮೇಲೆ ನಗು ಇದ್ದದ್ದನ್ನು ಸಂಗಮೇಶ ಕಂಡ. "ಲೆಕ್ಕ ಇಟ್ಟಿಲ್ಲ," ಎಂದ. "ಲೆಕ್ಕ ಇಡುವಷ್ಟು ಇದ್ದವಾ?" ಎಂದಳು ಮಮತಾ. ವಕೀಲರ ಸಾಲಿನಲ್ಲಿ ಯಾರೋ ಕೆಮ್ಮಿನಂತೆ ನಕ್ಕರು, ಇನ್ನೊಬ್ಬರು ಕೆಮ್ಮಿನ ಸೋಗಿಲ್ಲದೆ ನಕ್ಕರು. ಒಂಬತ್ತು ವರ್ಷ ವಾಯಿದೆ ಕೇಳಿದ್ದು, ಇನ್ನೊಬ್ಬರ ಚೀಲ ಹೊತ್ತದ್ದು, ಸೀನಿಯರು ಬರುತ್ತಾರೆ ಸ್ವಾಮಿ ಎಂದು ಕೈಕಟ್ಟಿ ನಿಂತದ್ದು ಎಲ್ಲವನ್ನೂ ಈ ಹುಡುಗಿ ಒಂದು ಪ್ರಶ್ನೆಯಲ್ಲಿ ಬಿಚ್ಚಿ ಹರವಿದ್ದಳು. ಅವಳು ಈಗ ಮೆಲ್ಲಗೆ, ತುಂಬ ಮೆಲ್ಲಗೆ, ಬಾವಿಗೆ ಕೊಡ ಇಳಿಸುವವಳಂತೆ ಕೇಳಿದಳು. "ಆ ಹೆಬ್ಬೆಟ್ಟನ್ನ ನೀವು ನೋಡ್ತಾ ಇರುವಾಗಲೇ ಒತ್ತಿದ್ದು, ಅಲ್ವಾ?"

ಹಿಂದಿನ ಬೆಂಚಿನಲ್ಲಿ ಸೆರಗು ಅಲುಗಿತು.

"ಹೌದು. ಆದರೆ ಅದು ಎಡಗೈದಲ್ಲ," ಎಂದ ಸಂಗಮೇಶ. ತನ್ನ ದನಿ ಇಷ್ಟು ಸ್ಪಷ್ಟವಾಗಿರುವುದನ್ನು ಅವನು ಆ ಕೋರ್ಟಿನಲ್ಲಿ ಹಿಂದೆಂದೂ ಕೇಳಿರಲಿಲ್ಲ. "ಆಕೆಗೆ ಎಡಗೈ ಹೆಬ್ಬೆರಳು ಅರ್ಧ ಇಲ್ಲ, ಜೋಳದ ಮಿಷನ್ನಿಗೆ ಸಿಕ್ಕಿ ಹೋಗಿದೆ. ಅದಕ್ಕೇ ಬಲಗೈದು ಒತ್ತಿಸಿದ್ವಿ. ಫಾರಮಿನಲ್ಲಿ ಎಡಗೈ ಅಂತ ಮೊದಲೇ ಬರೆದಿತ್ತು, ಗುಮಾಸ್ತರು ತಿದ್ದೋದು ಮರೆತಿದಾರೆ." ಗಣಪಯ್ಯನವರು ಕತ್ತು ತಿರುಗಿಸಿ ಅವನನ್ನೇ ನೋಡಿದರು. ಒಂಬತ್ತು ವರ್ಷದಲ್ಲಿ ಅವರು ಅವನನ್ನು ಹಾಗೆ ನೋಡಿದ್ದು ಅದೇ ಮೊದಲು. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಅರ್ಜಿದಾರಳು ಮುಂದೆ ಬರಲಿ, ಕೈ ತೋರಿಸಲಿ ಎಂದರು. ದ್ಯಾಮಮ್ಮ ಬಂದಳು. ಆ ಕೈಯನ್ನು ಎತ್ತಲೆಂದೇ ಅವಳು ಒಂದು ವರ್ಷ ಕಾದಿದ್ದಳು. ಎತ್ತಿದಳು. ಬಾಗಿಲ ಬಳಿ ಪರಮಶಿವಪ್ಪ ತಂಗಿಯ ಬೆರಳನ್ನು ಮೊದಲ ಸಲ ಕಂಡು, ಅಯ್ಯೋ ಎಂದದ್ದು ಕೇಳಿಸಿತು, ಮತ್ತು ಅದು ನಿಜವಾಗಿಯೂ ಅಯ್ಯೋ ಎಂದೇ ಇತ್ತು. "ಸಾಕ್ಷಿ ಹೇಳಿದ್ದು ಸರಿ ಇದೆ. ಮೂರು ವರ್ಷದ ಮೇಲೂ ಇಷ್ಟು ನೆನಪಿಟ್ಟುಕೊಂಡಿದೀರಿ," ಎಂದ ನ್ಯಾಯಾಧೀಶರು ಬೆರಳಚ್ಚುಗಾರ್ತಿಯ ಕಡೆ ತಿರುಗಿ ಬರೆಸತೊಡಗಿದರು.

"ಸ್ವಾಮಿ, ಅದನ್ನ ನಾನೇ ಹೇಳಿದ್ದು ಇವರಿಗೆ," ಎಂದಳು ದ್ಯಾಮಮ್ಮ. ಅವಳು ಕೂಗಲಿಲ್ಲ. ಏನೋ ಚಿಕ್ಕ ತಪ್ಪಾಗಿದೆ, ಹೇಳಿದರೆ ಸರಿಹೋಗುತ್ತದೆ ಎಂಬ ದನಿ. "ಬೆಳಗ್ಗೆ ಬಸ್ಸಾಗೆ. ನನ್ನ ಪಕ್ಕದಾಗೇ ಕೂತಿದ್ರು. ಕೇಳ್ರಿ ಬೇಕಾದ್ರೆ." ಕೋರ್ಟು ನಕ್ಕಿತು. ಬಾಗಿಲಲ್ಲಿ ನಿಂತ ಪೊಲೀಸು ಕೂಡ ನಕ್ಕ. ಸುಳ್ಳು ಹೇಳುವವರೆಲ್ಲ ಕೊನೆಗೆ ಇಂಥದೇ ಏನೋ ಹೇಳುತ್ತಾರೆ ಎಂಬ ಬೇಸರದ ನಗು. ಮಮತಾ ನಗಲಿಲ್ಲ. ಅವಳು ಮುದುಕಿಯನ್ನು ನೋಡಿದಳು, ಅವನನ್ನು ನೋಡಿದಳು. "ಇವತ್ತು ಬೆಳಿಗ್ಗೆ ನೀವು ಸೊರಬದಿಂದ ಬಸ್ಸಿನಲ್ಲಿ ಬಂದಿರಿ, ಈಕೆಯ ಪಕ್ಕದಲ್ಲಿ ಕೂತು ಈ ವಿಷಯ ತಿಳಿದುಕೊಂಡಿರಿ," ಎಂದಳು. ಷರಾಯಿಯ ಜೇಬಿನಲ್ಲಿ ಟಿಕೀಟು ಇತ್ತು. ತೊಡೆಗೆ ತಾಗುತ್ತಿತ್ತು. "ಇಲ್ಲ," ಎಂದ. "ನಾನಿರೋದೇ ಶಿಕಾರಿಪುರದಲ್ಲಿ." ಎರಡನೆಯ ವಾಕ್ಯ ನಿಜವಾಗಿದ್ದದ್ದು ಅವನಿಗೆ ಒಂದು ಬಗೆಯ ಸಮಾಧಾನ ಕೊಟ್ಟಿತು. ಇನ್ನೇನಾದರೂ ಕೇಳುವುದಿದೆಯೇ ಎಂದರು ನ್ಯಾಯಾಧೀಶರು. ಮಮತಾ ಇಲ್ಲವೆಂದು ಕೂತಳು.

ಊಟದ ಬಿಡುವಿನಲ್ಲಿ ಗಣಪಯ್ಯನವರು ಎಲ್ಲರೆದುರು ಅವನ ಹೆಗಲ ಮೇಲೆ ಕೈ ಹಾಕಿದರು. "ಎಲ್ಲಿ ಬಚ್ಚಿಟ್ಟಿದ್ಯೋ ಇದನ್ನ? ನಂಗೇ ಹೇಳಲಿಲ್ವಲ್ಲ," ಎಂದು, ಉತ್ತರಕ್ಕೆ ಕಾಯದೆ, ನಾಳೆಯಿಂದ ಸೊರಬದ ಕೇಸುಗಳನ್ನು ನೀನೇ ನೋಡು ಎಂದರು. ಒಂಬತ್ತು ವರ್ಷ ಅವನು ಕಾದದ್ದು ಈ ಕೈಗೆ. ಅದು ಭಾರವಾಗಿ, ಬೆಚ್ಚಗೆ, ಸ್ವಲ್ಪ ಒದ್ದೆಯಾಗಿ ಅಲ್ಲಿತ್ತು. ಅವನಿಗೆ ಸಂತೋಷವಾಯಿತು. ಅದನ್ನು ಅವನು ಆಮೇಲೆ ಅಲ್ಲಗಳೆಯಲು ಎಷ್ಟು ಪ್ರಯತ್ನಿಸಿದರೂ, ಆಗ ಆದದ್ದು ಸಂತೋಷವೇ.

ನಕಲು ವಿಭಾಗದ ಪಕ್ಕದ ಓಣಿಯಲ್ಲಿ ಮಮತಾ ದ್ಯಾಮಮ್ಮನ ಎದುರು ನಿಂತಿದ್ದಳು. ಅವನು ನೀರಿನ ನಲ್ಲಿಯ ಹತ್ತಿರ ನಿಂತುಬಿಟ್ಟ. "ಅಮ್ಮಾ, ನನ್ನ ಹತ್ರ ನಿಜ ಹೇಳಿ. ಅವತ್ತು ನೀವು ಬಂದಿದ್ರಾ? ಬಂದಿದ್ರೆ ಬಂದಿದ್ರಿ, ನಾನು ಬೈಯಲ್ಲ," ಎನ್ನುತ್ತಿದ್ದಳು ಮಮತಾ. ಮುದುಕಿ ಅವಳ ಬಾಯಿಯನ್ನೇ ನೋಡುತ್ತಿದ್ದಳು. ಇಲ್ಲ ಎನ್ನಲಿಲ್ಲ, ಬಂದಿದ್ದೆ ಎನ್ನಲಿಲ್ಲ. ಇನ್ನೊಬ್ಬ ಪಕ್ಷಗಾರ ಕರೆದನೆಂದು ಮಮತಾ ಹೋದಳು. ಸಂಗಮೇಶ ತಲೆ ತಗ್ಗಿಸಿ ದಾಟುವವನಿದ್ದ. "ತಮ್ಮಾ," ಎಂದಳು ದ್ಯಾಮಮ್ಮ. ಅದೇ ಬಸ್ಸಿನ ದನಿ. ಅವನು ನಿಂತ. ಅವಳು ಬಲಗೈಯಿಂದ ಚೀಲದ ಬಾಯಿ ಬಿಡಿಸಿ, ಎಲೆಯಡಿಕೆಯ ಸಂಚಿಯ ಕೆಳಗಿಂದ ಏನನ್ನೋ ತೆಗೆದು ಅವನ ಕಡೆ ಹಿಡಿದಳು. ಬಿಳಿ ಬ್ಯಾಂಡು. ದಾರದ ಹೊಲಿಗೆ ಕೆಂಪಗಿತ್ತು.

"ನೀವು ಇಳಿದ ಮೇಲೆ ಕಾಲ ಬುಡದಾಗೆ ಬಿದ್ದಿತ್ತು. ಮಗೀನ ಬಟ್ಟೆ ಅಂದ್ಕಂಡೆ. ಅಲ್ಲಿ ಒಳಗೆ ಎಲ್ಲರ ಕೊರಳಾಗೆ ನೋಡಿದ ಮೇಲೆ ಗೊತ್ತಾತು."

ಅವನು ಓಣಿಯ ಎರಡೂ ಕಡೆ ನೋಡಿದ. ಯಾರೂ ಇರಲಿಲ್ಲ. ಅದು ಏನೆಂದು ಅವಳಿಗೆ ಒಳಗೇ ಗೊತ್ತಾಗಿತ್ತು. ಈಗಲೂ ಅವಳು ಅದನ್ನು ಹಿಡಿದು ನಾಲ್ಕು ಹೆಜ್ಜೆ ನಡೆದರೆ ಮಮತಾ, ಹತ್ತು ಹೆಜ್ಜೆ ನಡೆದರೆ ನ್ಯಾಯಾಧೀಶರ ಕೊಠಡಿ. ನನ್ನದಲ್ಲ ಎನ್ನಬಹುದಿತ್ತು. ನನ್ನದು, ಬನ್ನಿ ಒಳಗೆ ಹೋಗೋಣ ಎನ್ನಬಹುದಿತ್ತು. ಅವನು ಕೈ ಚಾಚಿದ. ತೆಗೆದುಕೊಂಡ. ಮಡಿಸಿ ಟಿಕೀಟಿದ್ದ ಜೇಬಿಗೇ ಹಾಕಿಕೊಂಡ.

ದ್ಯಾಮಮ್ಮ ಅವನ ಜೇಬನ್ನು ನೋಡಿದಳು. "ತಗಂಡ್ರಲ್ಲ, ಅಷ್ಟು ಸಾಕು," ಎಂದಳು. "ಅಷ್ಟು ಜನ ನಕ್ಕ ಮೇಲೆ ನಂಗೇ ಅನುಮಾನ ಬಂದುಬಿಟ್ಟಿತ್ತು, ಬಸ್ಸಾಗೆ ಯಾರೂ ಕೂತಿರಲಿಲ್ಲೇನೋ, ಆ ಶನಿವಾರ ನಾನೇ ಬಂದು ಒತ್ತಿ ಹೋಗಿದ್ನೇನೋ ಅಂತ. ಹುಚ್ಚು ಹಿಡೀತಾ ಅಂದ್ಕಂಡೆ." ಚೀಲದ ಬಾಯಿ ಕಟ್ಟಿಕೊಂಡು, ಅರ್ಧ ಬೆರಳಿನ ಕೈಯನ್ನು ಮತ್ತೆ ಸೆರಗಿನೊಳಗೆ ಸೇರಿಸಿ, ಎರಡೂವರೆಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದಳು. ಅವನು ಕೈ ತೋರಿಸಿದ. ಅವಳು ಆ ಕಡೆಗೆ ಹೋದಳು.

ಆಗಸ್ಟಿನಲ್ಲಿ ಅರ್ಜಿ ವಜಾ ಆಯಿತು. ಆದೇಶದ ಹನ್ನೊಂದನೆಯ ಪುಟದಲ್ಲಿ ಸಂಗಮೇಶನ ಸಾಕ್ಷ್ಯವನ್ನು ನಂಬಲರ್ಹ ಎಂದು ಬರೆದಿತ್ತು. ಸೊರಬದ ಕೇಸುಗಳಿಗೆ ಅವನು ವಾರಕ್ಕೆರಡು ಸಲ ಅದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ, ಅಕ್ಕನ ಮನೆಯಲ್ಲಿ ಉಣ್ಣುತ್ತಿದ್ದ. ದ್ಯಾಮಮ್ಮನನ್ನು ತಾನು ಮೊದಲ ಸಲ ಕಂಡದ್ದು ಆ ಬೆಳಿಗ್ಗೆ ಬಸ್ಸಿನಲ್ಲಿ ಎಂದು ಅವನು ಯಾರಿಗೂ ಹೇಳಲಿಲ್ಲ.